ಸೈಟು ನಮ್ಮದು, ಸಾಲ ಬ್ಯಾಂಕಿನದು, ಬೆಲೆ ಯಾರದು?

ಹೆಬ್ಬಾಳ ಫ್ಲೈಓವರ್ ದಾಟಿ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಯಲಹಂಕದ ತನಕ, ಅಲ್ಲಿಂದ ದೊಡ್ಡಬಳ್ಳಾಪುರ ರಸ್ತೆಗೆ ತಿರುಗಿದ ಮೇಲೂ, ಎಡಕ್ಕೆ ಬಲಕ್ಕೆ ಸೈಟು, ಫ್ಲಾಟು, ವಿಲ್ಲಾಗಳ ಜಾಹೀರಾತು ಫಲಕಗಳೇ. ಬಡಾವಣೆಗಳ ಹೆಸರು ಬೇರೆ ಬೇರೆ, ಒಳಗಿನ ಮಾತು ಮಾತ್ರ ಮೂರೇ. ಒಂದು, ಏರ್‌ಪೋರ್ಟಿಗೆ ಇಷ್ಟೇ ನಿಮಿಷ. ಎರಡು, ಖಾತಾ ಪಕ್ಕಾ ಇದೆ. ಮೂರು, ಎಲ್ಲಾ ಬ್ಯಾಂಕುಗಳಿಂದ ಸಾಲ ಸೌಲಭ್ಯ ಉಂಟು.

ಮೊದಲ ಎರಡನ್ನು ನಾವು ಕಣ್ಣರಳಿಸಿ ಓದ್ತೀವಿ. ಮೂರನೆಯದನ್ನು ಓದಿ, ಪರವಾಗಿಲ್ಲ, ಅನುಕೂಲ ಆಯ್ತು ಅಂತ ಮುಂದೆ ಹೋಗ್ತೀವಿ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರೋದು ಆ ಮೂರನೇ ಸಾಲಿನ ಬಗ್ಗೆ. ಯಾಕಂದ್ರೆ ಉತ್ತರ ಬೆಂಗಳೂರಿನಲ್ಲಿ ಮನೆ ಬೆಲೆ ಯಾಕೆ ಹೀಗೆ ಏರುತ್ತಿದೆ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಸಿಮೆಂಟು ದುಬಾರಿ ಆಯ್ತು, ಕಬ್ಬಿಣ ದುಬಾರಿ ಆಯ್ತು, ಮರಳು ಸಿಗ್ತಿಲ್ಲ ಅಂತ ಬಿಲ್ಡರ್ ಹೇಳ್ತಾರೆ. ಅದು ಸುಳ್ಳಲ್ಲ. ಆದರೆ ಯಲಹಂಕದಲ್ಲಿ ಬಳಸೋ ಸಿಮೆಂಟನ್ನೇ ತುಮಕೂರಿನಲ್ಲೂ ಬಳಸ್ತಾರೆ, ಶಿರಾದಲ್ಲೂ ಬಳಸ್ತಾರೆ. ಅಲ್ಲಿ ಯಾಕೆ ಈ ಬೆಲೆ ಇಲ್ಲ? ವ್ಯತ್ಯಾಸ ಇರೋದು ಸಿಮೆಂಟಿನಲ್ಲಿ ಅಲ್ಲ, ಅದರ ಕೆಳಗಿರೋ ನೆಲದಲ್ಲಿ. ಆ ನೆಲಕ್ಕೆ ಎಷ್ಟು ಕೊಡಬಹುದು ಅನ್ನೋದನ್ನು ತೀರ್ಮಾನ ಮಾಡೋದು, ನಿಮ್ಮ ಕೈಗೆ ಬ್ಯಾಂಕು ಎಷ್ಟು ಸಾಲ ಕೊಡುತ್ತೆ ಅನ್ನೋದು.

ಹೇಗೆ ಅಂತೀರಾ? ಒಂದು ಲೆಕ್ಕ ಮಾಡೋಣ. ಪೆನ್ನು ಪೇಪರ್ ಇದ್ರೆ ತಗೊಳ್ಳಿ.

ನೀವು ಮನೆ ನೋಡೋಕೆ ಹೋದಾಗ ಮೊದಲು ಕೇಳೋದು ಬೆಲೆ ಎಷ್ಟು ಅಂತ. ಆದರೆ ಮನೆಗೆ ಬಂದು ಗಂಡ ಹೆಂಡತಿ ಕೂತು ಮಾತಾಡೋದು ಬೆಲೆಯ ಬಗ್ಗೆ ಅಲ್ಲ, ಕಂತಿನ ಬಗ್ಗೆ. ತಿಂಗಳಿಗೆ ಎಷ್ಟು ಕಟ್ಟೋಕೆ ಆಗುತ್ತೆ? 40 ಸಾವಿರ ಅಂತ ಇಟ್ಕೊಳ್ಳಿ. ಈ 40 ಸಾವಿರಕ್ಕೆ ಎಷ್ಟು ಸಾಲ ಸಿಗುತ್ತೆ?

2000ನೇ ಇಸವಿಯ ಆಸುಪಾಸಿನಲ್ಲಿ ಗೃಹಸಾಲದ ಬಡ್ಡಿ ಶೇಕಡ 12ಕ್ಕೂ ಮೇಲಿತ್ತು. ಶೇಕಡ 12 ಅಂತಲೇ ಹಿಡಿಯೋಣ, ಅವಧಿ 15 ವರ್ಷ. 40 ಸಾವಿರ ಕಂತಿಗೆ ಸಿಗೋ ಸಾಲ 33 ಲಕ್ಷ 33 ಸಾವಿರ. ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ಬಡ್ಡಿ ಶೇಕಡ 8ರ ಆಸುಪಾಸಿಗೆ ಇಳೀತು. ಅವಧಿ 20 ವರ್ಷ ಆದರೆ, ಅದೇ 40 ಸಾವಿರಕ್ಕೆ ಸಿಗೋ ಸಾಲ ಸುಮಾರು 47 ಲಕ್ಷ 80 ಸಾವಿರ. ಈಗ ಬ್ಯಾಂಕುಗಳು 30 ವರ್ಷಕ್ಕೂ ಸಾಲ ಕೊಡ್ತವೆ. ಶೇಕಡ 8ರ ಬಡ್ಡಿಗೆ 30 ವರ್ಷ ಅಂದ್ರೆ, ಅದೇ 40 ಸಾವಿರಕ್ಕೆ 54 ಲಕ್ಷದ 50 ಸಾವಿರ.

ಗಮನಿಸಿ. ಸಂಬಳ ಒಂದು ರೂಪಾಯಿ ಏರಿಲ್ಲ. ಕಂತು ಒಂದು ರೂಪಾಯಿ ಏರಿಲ್ಲ. ಕೈಗೆ ಬರೋ ಸಾಲ ಮಾತ್ರ 33 ಲಕ್ಷದಿಂದ 54 ಲಕ್ಷಕ್ಕೆ ಹೋಯ್ತು. ಈಗ ಇನ್ನೊಂದು ಸಾಲು ಬರೆದುಕೊಳ್ಳಿ. 15 ವರ್ಷ ಕಟ್ಟಿದವರು ಒಟ್ಟು ಕಟ್ಟಿದ್ದು 72 ಲಕ್ಷ. 30 ವರ್ಷ ಕಟ್ಟೋರು ಒಟ್ಟು ಕಟ್ಟೋದು 1 ಕೋಟಿ 44 ಲಕ್ಷ. ಸಾಲ 21 ಲಕ್ಷ ಜಾಸ್ತಿ ಸಿಕ್ತು, ಕಟ್ಟೋದು 72 ಲಕ್ಷ ಜಾಸ್ತಿ ಆಯ್ತು.

ಆ ಜಾಸ್ತಿ ಸಿಕ್ಕ 21 ಲಕ್ಷ ಎಲ್ಲಿಗೆ ಹೋಯ್ತು? ನಿಮಗೆ ಒಂದು ರೂಮು ಜಾಸ್ತಿ ಬಂದಿದ್ರೆ ಸರಿ. ಆದರೆ ಆ ಹಣ ಹಿಡಿದುಕೊಂಡು ನೀವೊಬ್ಬರೇ ಬಂದಿಲ್ಲ. ನಿಮ್ಮ ಹಾಗೆ ಸಂಬಳ ತಗೊಳ್ಳೋ ಪಕ್ಕದ ಆಫೀಸಿನವರೂ ಅಷ್ಟೇ ಸಾಲ ಮಂಜೂರು ಮಾಡಿಸಿಕೊಂಡು ಅದೇ ಫ್ಲಾಟಿನ ಮುಂದೆ ನಿಂತಿದ್ದಾರೆ. ಮಾರೋರಿಗೆ ಇದು ಗೊತ್ತು. ಹೀಗಾಗಿ ಸಾಲ ಸುಲಭ ಆದಾಗ ಅದರ ಲಾಭದ ದೊಡ್ಡ ಪಾಲು ಕೊಳ್ಳೋರಿಗೆ ಉಳಿಯೋದಿಲ್ಲ, ನೆಲ ಇಟ್ಟುಕೊಂಡೋರಿಗೆ ಹೋಗುತ್ತೆ.

ಬೇರೆ ವಸ್ತುಗಳಲ್ಲಿ ಹೀಗೆ ಆಗೋದಿಲ್ಲ. ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋಗಿ. ಈರುಳ್ಳಿ ಬೆಲೆ ಒಂದು ವರ್ಷ ಗಗನಕ್ಕೆ ಹೋಯ್ತು ಅಂದ್ರೆ ಮುಂದಿನ ಹಂಗಾಮಿನಲ್ಲಿ ಚಿತ್ರದುರ್ಗದಲ್ಲಿ, ಗದಗದಲ್ಲಿ, ವಿಜಯಪುರದಲ್ಲಿ ರೈತರು ಜಾಸ್ತಿ ಬಿತ್ತನೆ ಮಾಡ್ತಾರೆ. ಲಾರಿಗಳು ಬಂದು ನಿಲ್ತವೆ. ಬೆಲೆ ಇಳಿಯುತ್ತೆ, ಒಮ್ಮೊಮ್ಮೆ ರೈತ ರಸ್ತೆಗೆ ಸುರಿಯೋವಷ್ಟು ಇಳಿಯುತ್ತೆ. ಆದರೆ ಹೆಬ್ಬಾಳದ ನೆಲವನ್ನು ಮುಂದಿನ ಹಂಗಾಮಿಗೆ ಬಿತ್ತೋಕೆ ಆಗುತ್ತಾ? ಆರ್‌.ಟಿ. ನಗರದಲ್ಲಿ ಇರೋ ಸೈಟುಗಳು ಎಷ್ಟೋ ಅಷ್ಟೇ. ಹಣ ಬೆಳೀತದೆ, ನೆಲ ಬೆಳೆಯೋದಿಲ್ಲ.

ಸರಿ, ಇದೆಲ್ಲ ಲೆಕ್ಕದ ಪುಸ್ತಕದ ಮಾತು, ಪುರಾವೆ ಕೊಡಿ ಅಂತ ಕೆಲವರು ಕೇಳಬಹುದು. ಕೇಳಬೇಕು ಕೂಡ. ಪುರಾವೆ ನಿಮ್ಮ ಬೀದಿಯಲ್ಲೇ ಇದೆ.

2007ರಲ್ಲಿ ಬಿಬಿಎಂಪಿ ಹುಟ್ಟಿದಾಗ ಹಳೇ ಮಹಾನಗರ ಪಾಲಿಕೆಯ ಜೊತೆಗೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಸೇರಿಕೊಂಡವು. ಯಲಹಂಕ, ಬ್ಯಾಟರಾಯನಪುರ ಆ ಏಳು ನಗರಸಭೆಗಳಲ್ಲಿ ಎರಡು. ಅಲ್ಲಿ ಸಾವಿರಾರು ಕಂದಾಯ ಸೈಟುಗಳಿದ್ದವು. ಭೂಪರಿವರ್ತನೆ ಆಗಿಲ್ಲ, ಬಡಾವಣೆ ನಕ್ಷೆಗೆ ಮಂಜೂರಾತಿ ಇಲ್ಲ, ಆದರೆ ಜನ ಮನೆ ಕಟ್ಟಿಕೊಂಡು ಸಂಸಾರ ಮಾಡ್ತಿದ್ದಾರೆ. ತೆರಿಗೆ ವಸೂಲಿ ಮಾಡಬೇಕಲ್ಲ? ಅದಕ್ಕೆ ಒಂದು ಬೇರೆ ಪುಸ್ತಕ ತೆಗೆದರು. ಅದೇ ಬಿ ರಿಜಿಸ್ಟರ್. ಜನರ ಬಾಯಲ್ಲಿ ಬಿ ಖಾತಾ.

ಈಗ ಥಣಿಸಂದ್ರದಲ್ಲೋ, ಕೊಡಿಗೇಹಳ್ಳಿಯಲ್ಲೋ, ವಿದ್ಯಾರಣ್ಯಪುರದ ಹಿಂಭಾಗದಲ್ಲೋ ಒಂದು ರಸ್ತೆ ಕಲ್ಪಿಸಿಕೊಳ್ಳಿ. ಈ ಕಡೆ ಎ ಖಾತಾ ಸೈಟು, ಆ ಕಡೆ ಬಿ ಖಾತಾ ಸೈಟು. ಮಣ್ಣು ಒಂದೇ, ರಸ್ತೆಯ ಗುಂಡಿ ಒಂದೇ, ಬೇಸಿಗೆಯಲ್ಲಿ ಬರೋ ಟ್ಯಾಂಕರ್ ನೀರೂ ಒಂದೇ. ಎರಡರ ಬೆಲೆ ಒಂದೇ ಇದೆಯಾ? ಇಲ್ಲ. ಬಿ ಖಾತಾ ಸೈಟು ಕಡಿಮೆಗೆ ಸಿಗುತ್ತೆ. ಯಾಕೆ? ಕಾನೂನಿನ ಭಯ ಒಂದು ಕಾರಣ, ಪ್ಲಾನ್ ಮಂಜೂರಾತಿ ಸಿಗೋದಿಲ್ಲ ಅನ್ನೋದು ಇನ್ನೊಂದು. ಮೂರನೆಯದು, ಬ್ರೋಕರ್‌ಗಳು ಮೊದಲು ಹೇಳೋದು, ಲೋನ್ ಆಗಲ್ಲ ಸಾರ್. ರಾಷ್ಟ್ರೀಕೃತ ಬ್ಯಾಂಕುಗಳು ಬಿ ಖಾತಾ ಕಂಡ್ರೆ ಸಾಮಾನ್ಯವಾಗಿ ಫೈಲ್ ಮುಚ್ತವೆ. ಕೊಳ್ಳೋರು ಕೈಯಲ್ಲಿ ಇದ್ದಷ್ಟೇ ಹಣದಲ್ಲಿ ಕೊಳ್ಳಬೇಕು. ಹಣ ಕಡಿಮೆ, ಹೀಗಾಗಿ ಬೆಲೆಯೂ ಕಡಿಮೆ. ರಸ್ತೆಯ ಈ ಬದಿಯಲ್ಲಿ ಬ್ಯಾಂಕು ಬಾಗಿಲು ತೆರೆದಿದೆ, ಬೆಲೆ ಏರಿದೆ. ಸಾಲಕ್ಕೂ ಬೆಲೆಗೂ ಇರೋ ಸಂಬಂಧ ಇದಕ್ಕಿಂತ ಸ್ಪಷ್ಟವಾಗಿ ಇನ್ನೆಲ್ಲಿ ಕಾಣುತ್ತೆ ಹೇಳಿ?

2025ರ ನವೆಂಬರ್‌ನಲ್ಲಿ ಸರ್ಕಾರ ಶುಲ್ಕ ಕಟ್ಟಿಸಿಕೊಂಡು ಬಿ ಖಾತಾವನ್ನು ಎ ಖಾತಾ ಮಾಡಿಕೊಡುವ ಅಭಿಯಾನ ಶುರು ಮಾಡಿತು. ಮಾಡಬೇಕಾದ ಕೆಲಸವೇ. 20 ವರ್ಷ ತೆರಿಗೆ ಕಟ್ಟಿದವರು, ಮಗಳ ಮದುವೆಗೆ, ಮಗನ ಓದಿಗೆ ಮನೆ ಮೇಲೆ ಸಾಲ ಬೇಕು ಅಂದಾಗ ಬ್ಯಾಂಕಿನಿಂದ ವಾಪಸ್ ಬಂದು ಖಾಸಗಿ ಫೈನಾನ್ಸ್ ಬಾಗಿಲಲ್ಲಿ ಹೆಚ್ಚಿನ ಬಡ್ಡಿಗೆ ಸಹಿ ಹಾಕಿದ್ದಾರೆ. ಅವರಿಗೆ ಇದು ದೊಡ್ಡ ನೆಮ್ಮದಿ. ಆದರೆ ಇದರ ಇನ್ನೊಂದು ಮುಖ ಯಾರೂ ಹೇಳ್ತಿಲ್ಲ. ಖಾತಾ ಬದಲಾದ ದಿನ ಆ ಸೈಟಿನ ಬೆಲೆಯೂ ಬದಲಾಗುತ್ತೆ. ಕಡಿಮೆ ಸಂಬಳದವರು, ಕೂಡಿಟ್ಟ ದುಡ್ಡಲ್ಲಿ ಒಂದು 20-30 ಸೈಟು ತಗೊಳ್ಳೋಣ ಅಂತ ಇದ್ದವರಿಗೆ ಉಳಿದಿದ್ದ ಕೊನೆಯ ಬೀದಿಯೂ ಕೈ ಬಿಟ್ಟು ಹೋಗುತ್ತೆ. ಇದ್ದವರಿಗೆ ನ್ಯಾಯ ಕೊಡೋದು ಸರಿ. ಇಲ್ಲದವರಿಗೆ ಹೊಸ ಸೈಟು ಎಲ್ಲಿ ಕೊಡ್ತೀರಿ?

ಇಲ್ಲಿಗೆ ನಾನು ಎರಡನೇ ಕಾರಣಕ್ಕೆ ಬರ್ತೀನಿ. ಬ್ಯಾಂಕು ಹಣ ಕೊಟ್ಟಿತು ನಿಜ. ಆ ಹಣಕ್ಕೆ ತಕ್ಕಷ್ಟು ಮನೆ, ಸೈಟು ಬಂದಿದ್ರೆ ಬೆಲೆ ಇಷ್ಟು ಏರ್ತಿರಲಿಲ್ಲ. ಬರಬೇಕಾಗಿದ್ದು ಎಲ್ಲಿಂದ? ಸರ್ಕಾರದಿಂದ. ಹಿಂದೆ ಬಂದಿತ್ತು ಕೂಡ. ಯಲಹಂಕ ಉಪನಗರ ಕಟ್ಟಿದ್ದು ಕರ್ನಾಟಕ ಗೃಹ ಮಂಡಳಿ. ಸಾಮಾನ್ಯ ನೌಕರರು ಅಲ್ಲಿ ಮನೆ ಮಾಡಿಕೊಂಡರು. ಆಮೇಲೆ ಏನಾಯ್ತು?

ಅರ್ಕಾವತಿ ಬಡಾವಣೆ ಕಥೆ ನಿಮಗೆ ಗೊತ್ತು. ಜಕ್ಕೂರು, ಥಣಿಸಂದ್ರ, ರಾಚೇನಹಳ್ಳಿ, ನಾಗವಾರ ಸೇರಿ 16 ಹಳ್ಳಿಗಳ ಜಮೀನು. ಬಿಡಿಎ ಪ್ರಾಥಮಿಕ ಅಧಿಸೂಚನೆ ಹೊರಡಿಸಿದ್ದು 2003ರ ಫೆಬ್ರವರಿಯಲ್ಲಿ, ಅಂತಿಮ ಅಧಿಸೂಚನೆ 2004ರ ಫೆಬ್ರವರಿಯಲ್ಲಿ. ಕೋರ್ಟು, ಡಿನೋಟಿಫಿಕೇಷನ್, ರಾಜಕೀಯ, ವಿಚಾರಣಾ ಆಯೋಗ. ಎರಡು ದಶಕ ಕಳೀತು. ಸೈಟು ಸಿಕ್ಕಿದೆ ಅಂತ ಪೇಡಾ ಹಂಚಿದವರು ನಿವೃತ್ತರಾದರು. ಇನ್ನೊಂದು, ಡಾ. ಕೆ. ಶಿವರಾಮ ಕಾರಂತ ಬಡಾವಣೆ. 17 ಹಳ್ಳಿಗಳು, 3,546 ಎಕರೆ. ಪ್ರಾಥಮಿಕ ಅಧಿಸೂಚನೆ 2008ರ ಡಿಸೆಂಬರ್, ಅಂತಿಮ ಅಧಿಸೂಚನೆ 2018ರ ಅಕ್ಟೋಬರ್, ಅದೂ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಒಂದು ಅಧಿಸೂಚನೆಯಿಂದ ಇನ್ನೊಂದಕ್ಕೆ 10 ವರ್ಷ! ಆ 10 ವರ್ಷದಲ್ಲಿ ಸಾಲದ ಹಣ ಕಾಯ್ತಾ ಕೂತಿರುತ್ತಾ? ಅದು ಖಾಸಗಿ ಲೇಔಟಿಗೆ ಹೋಯ್ತು, ಕಂದಾಯ ಸೈಟಿಗೆ ಹೋಯ್ತು, ಅಪಾರ್ಟ್‌ಮೆಂಟಿಗೆ ಹೋಯ್ತು. ನೋಟಿಫೈ ಆದ ರೈತ ಮಾತ್ರ ಅತ್ತ ಮಾರೋಕೂ ಆಗದೆ, ಇತ್ತ ಸಾಲ ತೆಗೆಯೋಕೂ ಆಗದೆ ಕೂತ.

ಮೂರನೇ ಕಾರಣ ಘೋಷಣೆಗಳು. 2008ರ ಮೇ 24ಕ್ಕೆ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾಯ್ತು. ಬೆಲೆ ಮಾತ್ರ ಮೊದಲ ವಿಮಾನ ಇಳಿಯೋ ಎಷ್ಟೋ ವರ್ಷ ಮುಂಚೆಯೇ ಮೇಲಕ್ಕೆ ಹಾರಿತ್ತು. ನಾಗವಾರದಲ್ಲಿ ಮಾನ್ಯತಾ ಟೆಕ್ ಪಾರ್ಕ್ ಬೆಳೀತು. ಐಟಿ ಸಂಬಳ ಹೆಬ್ಬಾಳ, ಥಣಿಸಂದ್ರದ ಕಡೆ ಹರೀತು. ಅದು ನಿಜವಾದ ಕೆಲಸ, ನಿಜವಾದ ಆದಾಯ, ಅದಕ್ಕೆ ಬೆಲೆ ಏರೋದು ಸಹಜ. ಆದರೆ ಬರದೇ ಇರೋದಕ್ಕೂ ನಾವು ದುಡ್ಡು ಕೊಡ್ತಿದ್ದೀವಲ್ಲ, ಅದನ್ನು ನೋಡಿ. ಕೆ.ಆರ್. ಪುರದಿಂದ ಹೆಬ್ಬಾಳದ ಮೇಲೆ ಏರ್‌ಪೋರ್ಟಿಗೆ ಹೋಗೋ ಮೆಟ್ರೊಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2021ರ ಏಪ್ರಿಲ್‌ನಲ್ಲಿ. ಉಪನಗರ ರೈಲಿಗೆ ಪ್ರಧಾನಿ ಶಂಕುಸ್ಥಾಪನೆ ಮಾಡಿದ್ದು 2022ರ ಜೂನ್‌ನಲ್ಲಿ, 40 ತಿಂಗಳಲ್ಲಿ ಕೆಲಸ ಆಗುತ್ತೆ ಅಂದ್ರು. ಸಂಪಿಗೆ ಮಾರ್ಗ ಯಲಹಂಕದ ಮೇಲೆ, ಮಲ್ಲಿಗೆ ಮಾರ್ಗ ಯಶವಂತಪುರದ ಮೇಲೆ. ಹೆಸರು ಎಷ್ಟು ಚೆಂದ! 40 ತಿಂಗಳು ಮುಗೀತು. ರೈಲು ಬರಲಿಲ್ಲ, ರೈಲಿನ ಹೆಸರಲ್ಲಿ ಬೆಲೆ ಬಂತು. ಬಾರದ ರೈಲಿನ ಟಿಕೆಟ್ ಹಣವನ್ನು ಸೈಟು ಕೊಳ್ಳೋರು ಬಡ್ಡಿ ಸಮೇತ ಕಟ್ತಾ ಇದ್ದಾರೆ.

ಈಗ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಬಡ್ಡಿ ಇಳಿದ್ರೆ ಬೆಲೆ ಏರುತ್ತೆ ಅಂತೀರಿ. ಹಾಗಾದ್ರೆ ಬಡ್ಡಿ ಏರಿದಾಗ ಬೆಲೆ ಇಳೀಬೇಕಿತ್ತಲ್ಲ? 2022ರ ಮೇ ತಿಂಗಳಿಂದ 2023ರ ಫೆಬ್ರವರಿ ಒಳಗೆ ರಿಸರ್ವ್ ಬ್ಯಾಂಕ್ ರೆಪೋ ದರವನ್ನು ಶೇಕಡ 4ರಿಂದ ಆರೂವರೆಗೆ ಏರಿಸಿತು. ಬೆಂಗಳೂರಿನಲ್ಲಿ ಮನೆ ಬೆಲೆ ಇಳೀತಾ? ಇಳಿಯಲಿಲ್ಲ. ಒಳ್ಳೆ ಪ್ರಶ್ನೆ.

ಉತ್ತರ ಎರಡು. ಕೋವಿಡ್ ಆದ ಮೇಲೆ ಸ್ವಂತ ಮನೆ ಬೇಕು ಅನ್ನೋ ಹಂಬಲ ಜಾಸ್ತಿ ಆಯ್ತು, ಐಟಿ ಕೈತುಂಬ ಸಂಬಳ ಕೊಡ್ತು, ಹೊಸ ಸೈಟುಗಳ ಕೊರತೆ ಹಾಗೇ ಇತ್ತು. ಅಂದ್ರೆ ಸಾಲ ಒಂದೇ ಕಾರಣ ಅಲ್ಲ. ಎರಡನೆಯದು ಇನ್ನೂ ಮುಖ್ಯ. ಬಡ್ಡಿ ಏರಿದಾಗ ಬ್ಯಾಂಕುಗಳು ಬಹಳಷ್ಟು ಜನರ ಕಂತು ಏರಿಸಲಿಲ್ಲ, ವರ್ಷ ಏರಿಸಿದವು. ಮೆಸೇಜ್ ಬಂತು, ನಿಮ್ಮ ಸಾಲದ ಅವಧಿ ವಿಸ್ತರಿಸಲಾಗಿದೆ ಅಂತ. 55ನೇ ವಯಸ್ಸಿಗೆ ಮುಗೀಬೇಕಾಗಿದ್ದ ಸಾಲ 65ಕ್ಕೆ ಹೋಯ್ತು. ತಿಂಗಳ ಕಂತು ಅಷ್ಟೇ ಇರೋದ್ರಿಂದ ನೋವು ಗೊತ್ತಾಗಲಿಲ್ಲ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಮಧ್ಯೆ ಬಂದು, ಗ್ರಾಹಕರಿಗೆ ತಿಳಿಸಿ, ಕಂತು ಏರಿಸಬೇಕಾ ಅವಧಿ ಏರಿಸಬೇಕಾ ಅಂತ ಆಯ್ಕೆ ಕೊಡಿ, ಸ್ಥಿರ ಬಡ್ಡಿಗೆ ಬದಲಾಯಿಸೋ ಅವಕಾಶ ಕೊಡಿ ಅಂತ ಹೇಳಬೇಕಾಯ್ತು. ಬಡ್ಡಿ ಏರಿದ ಭಾರ ಬೆಲೆಯ ಮೇಲೆ ಬೀಳಲಿಲ್ಲ. ಸಾಲಗಾರರ ಮುಪ್ಪಿನ ಮೇಲೆ ಬಿತ್ತು.

ಆಮೇಲೆ 2025ರಲ್ಲಿ ಉಲ್ಟಾ ಆಯ್ತು. ಫೆಬ್ರವರಿಯಿಂದ ಡಿಸೆಂಬರ್ ಒಳಗೆ ರೆಪೋ ದರ ಶೇಕಡ 6.50ರಿಂದ 5.25ಕ್ಕೆ ಬಂತು. ಗೃಹಸಾಲದ ಬಡ್ಡಿ ಅಷ್ಟೇ ಇಳಿದು, 8.75ರಿಂದ 7.50ಕ್ಕೆ ಬಂತು ಅಂತ ಇಟ್ಕೊಳ್ಳಿ. 60 ಲಕ್ಷ ಸಾಲಕ್ಕೆ 20 ವರ್ಷದ ಕಂತು 53 ಸಾವಿರದಿಂದ 48,300ಕ್ಕೆ ಇಳಿಯುತ್ತೆ. ಈಗಾಗಲೇ ಸಾಲ ಇರೋರಿಗೆ ಖುಷಿಯ ಸುದ್ದಿ. ಆದರೆ ಹೊಸದಾಗಿ ಕೊಳ್ಳೋರಿಗೆ? ಅದೇ 53 ಸಾವಿರ ಕಂತಿಗೆ ಈಗ ಸುಮಾರು 65 ಲಕ್ಷ 80 ಸಾವಿರ ಸಾಲ ಸಿಗುತ್ತೆ. ಮಾರೋರು 5 ಲಕ್ಷ ಜಾಸ್ತಿ ಕೇಳಿದ್ರೆ ನೀವು ಕೊಟ್ಟುಬಿಡ್ತೀರಿ, ಯಾಕಂದ್ರೆ ಬ್ಯಾಂಕು ಕೊಡುತ್ತೆ. ಸುದ್ದಿಯಲ್ಲಿ ನಾವೇ ಹೇಳ್ತೀವಿ, ಗೃಹಸಾಲಗಾರರಿಗೆ ಸಿಹಿ ಸುದ್ದಿ ಅಂತ. ಪೂರ್ತಿ ಹೇಳಬೇಕು ಅಂದ್ರೆ, ಇದ್ದವರಿಗೆ ಸಿಹಿ, ಬರೋರಿಗೆ ಅರ್ಧ ಸಿಹಿ.

ಬ್ಯಾಂಕುಗಳನ್ನು ಬೈಯೋದು ನನ್ನ ಉದ್ದೇಶ ಅಲ್ಲ. ಗೃಹಸಾಲ ಇಲ್ಲದ ಕಾಲ ಹೇಗಿತ್ತು ಅಂತ ಹಿರಿಯರನ್ನು ಕೇಳಿ. ಮೇಷ್ಟ್ರು, ಗುಮಾಸ್ತರು ನಿವೃತ್ತಿ ಆಗಿ, ಪ್ರಾವಿಡೆಂಟ್ ಫಂಡ್ ಬಂದ ಮೇಲೆ ಮನೆ ಕಟ್ಟೋಕೆ ಶುರು ಮಾಡ್ತಿದ್ರು. ಗೃಹಪ್ರವೇಶದ ಫೋಟೋದಲ್ಲಿ ಯಜಮಾನರ ತಲೆ ನರೆತಿರುತ್ತಿತ್ತು. 1977ರಲ್ಲಿ ಎಚ್‌ಡಿಎಫ್‌ಸಿ ಶುರುವಾಗಿ, 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕ್ ಬಂದು, ಆಮೇಲೆ ಎಲ್ಲಾ ಬ್ಯಾಂಕುಗಳು ಈ ಕ್ಷೇತ್ರಕ್ಕೆ ಇಳಿದ ಮೇಲೆ 30ನೇ ವಯಸ್ಸಿಗೇ ಜನ ಸ್ವಂತ ಮನೆ ಕಂಡರು. ಅದು ಸಣ್ಣ ಸಾಧನೆ ಅಲ್ಲ. ಸಾಲ ಬೇಕು. ಸಾಲದ ಜೊತೆಗೆ ಮನೆಗಳೂ ಬರಬೇಕು, ಅಷ್ಟೇ. ಸಾಲ ಮಾತ್ರ ಬಂದು ಮನೆ ಬರದಿದ್ರೆ ಬೆಲೆ ಬರುತ್ತೆ.

ಈ ಆಟ ಎಲ್ಲಿಗೆ ಹೋಗಬಹುದು ಅಂತ ಲೋಕ ನೋಡಿದೆ. ಜಪಾನ್‌ನಲ್ಲಿ 80ರ ದಶಕದಲ್ಲಿ ಬ್ಯಾಂಕುಗಳು ಭೂಮಿಯನ್ನು ಅಡವಿಟ್ಟುಕೊಂಡು ಸಾಲ ಸುರಿದವು, ಆ ಸಾಲದಲ್ಲಿ ಇನ್ನಷ್ಟು ಭೂಮಿ ಕೊಂಡರು. 1990ರಲ್ಲಿ ಸರ್ಕಾರ ರಿಯಲ್ ಎಸ್ಟೇಟ್ ಸಾಲಕ್ಕೆ ಮಿತಿ ಹಾಕಿತು. ಮುಂದಿನ ವರ್ಷದಿಂದ ಭೂಮಿ ಬೆಲೆ ಇಳಿಯೋಕೆ ಶುರುವಾಗಿದ್ದು ಒಂದು ದಶಕ ದಾಟಿದರೂ ನಿಲ್ಲಲಿಲ್ಲ. ಅಮೆರಿಕದಲ್ಲಿ ತೀರಿಸೋ ಶಕ್ತಿ ಇಲ್ಲದವರಿಗೂ ಸಾಲ ಕೊಟ್ಟರು, 2008ರ ಸೆಪ್ಟೆಂಬರ್‌ನಲ್ಲಿ ಲೇಮನ್ ಬ್ರದರ್ಸ್ ಬಿತ್ತು. ನಮ್ಮಲ್ಲಿ ಅಷ್ಟು ಸಡಿಲ ಇಲ್ಲ. ರಿಸರ್ವ್ ಬ್ಯಾಂಕ್ ಲಗಾಮು ಹಿಡಿದಿದೆ. 30 ಲಕ್ಷದ ತನಕದ ಸಾಲಕ್ಕೆ ಮನೆ ಬೆಲೆಯ ಶೇಕಡ 90, 75 ಲಕ್ಷದ ತನಕ ಶೇಕಡ 80, ಅದಕ್ಕಿಂತ ಮೇಲಿನ ಸಾಲಕ್ಕೆ ಶೇಕಡ 75, ಇದಕ್ಕಿಂತ ಜಾಸ್ತಿ ಕೊಡೋ ಹಾಗಿಲ್ಲ.

ಒಳ್ಳೆಯ ನಿಯಮ. ಆದರೆ ಉಳಿದ ಹಣ ಎಲ್ಲಿಂದ ಬರುತ್ತೆ ಅಂತ ಕೇಳಿ ನೋಡಿ. 80 ಲಕ್ಷದ ಫ್ಲಾಟು. ಬ್ಯಾಂಕು 64 ಲಕ್ಷ ಕೊಡ್ತು. ಕೈಯಿಂದ 16 ಲಕ್ಷ. ಮುದ್ರಾಂಕ, ನೋಂದಣಿ ಶುಲ್ಕ ಸಾಮಾನ್ಯವಾಗಿ ಸಾಲದ ಲೆಕ್ಕಕ್ಕೆ ಬರೋದಿಲ್ಲ. 2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ ಶೇಕಡ 1ರಿಂದ 2ಕ್ಕೆ ಏರಿದ ಮೇಲೆ ಎಲ್ಲಾ ಸೇರಿ ಶೇಕಡ 7.6. ಅಂದ್ರೆ 6 ಲಕ್ಷ. ಕಟ್ಟುತ್ತಿರೋ ಫ್ಲಾಟಾದ್ರೆ ಜಿಎಸ್‌ಟಿ ಶೇಕಡ 5, ಇನ್ನೊಂದು 4 ಲಕ್ಷ. ಒಟ್ಟು 26 ಲಕ್ಷ ನಗದು! ಯಾವ ಸಂಬಳದವನ ಕೈಯಲ್ಲಿ ಇರುತ್ತೆ? ಅಪ್ಪನ ನಿವೃತ್ತಿ ಹಣ, ಅಮ್ಮನ ಬಳೆ, ಎತ್ತಿದ ಚೀಟಿ, ಊರಲ್ಲಿದ್ದ ಎರಡು ಎಕರೆ. ಕೊಪ್ಪಳದ ಹೊಲ, ಹಾಸನದ ತೋಟ ಮಾರಿದ ಹಣ ಯಲಹಂಕದ ಹತ್ತನೇ ಮಹಡಿಗೆ ಬಂದು ಸೇರುತ್ತೆ. ಬ್ಯಾಂಕಿನ ಲಗಾಮು ಸಾಲಕ್ಕಿದೆ, ಈ ಹಣಕ್ಕೆ ಲಗಾಮು ಇಲ್ಲ.

ಆರ್‌.ಟಿ. ನಗರದಂಥ ಹಳೇ ಬಡಾವಣೆಗಳಲ್ಲಿ ಇನ್ನೊಂದು ಸಾಲ ಇದೆ, ಯಾವ ಬ್ಯಾಂಕಿನ ಲೆಕ್ಕಕ್ಕೂ ಸಿಗದ ಸಾಲ. ನಮ್ಮ ಲೀಸ್ ಪದ್ಧತಿ. ಬಾಡಿಗೆದಾರ ಒಂದೇ ಸಲ ಹತ್ತೋ ಹದಿನೈದೋ ಲಕ್ಷ ಕೊಟ್ಟು, ಬಾಡಿಗೆ ಇಲ್ಲದೆ ಇರ್ತಾನೆ. ಮಾಲೀಕ ಆ ಹಣದಲ್ಲಿ ಮೇಲೊಂದು ಮಹಡಿ ಹಾಕ್ತಾನೆ, ಇಲ್ಲಾ ಬಾಗಲೂರು ಕಡೆ ಇನ್ನೊಂದು ಸೈಟಿಗೆ ಅಡ್ವಾನ್ಸ್ ಕೊಡ್ತಾನೆ. ನೋಡಿ ವಿಚಿತ್ರ. ಮನೆ ಇಲ್ಲದವನ ಹಣವೇ ಸೈಟಿನ ಬೆಲೆ ಏರಿಸುತ್ತೆ. ನಾಳೆ ಅವನು ಸೈಟು ಕೊಳ್ಳೋಕೆ ಹೋದಾಗ ಆ ಏರಿದ ಬೆಲೆ ಅವನಿಗೇ ಎದುರಾಗುತ್ತೆ.

ಹಾಗಾದ್ರೆ ಏನು ಮಾಡಬೇಕು?

ಮೊದಲು ನೀವು ಮಾಡಬಹುದಾದ ಒಂದು ಪರೀಕ್ಷೆ. ಆ 80 ಲಕ್ಷದ ಫ್ಲಾಟಿಗೆ ಬಾಡಿಗೆ ಎಷ್ಟು ಅಂತ ವಿಚಾರಿಸಿ. 25 ಸಾವಿರ ಅಂದ್ರೆ ವರ್ಷಕ್ಕೆ 3 ಲಕ್ಷ, ಅಂದ್ರೆ ಬೆಲೆಯ ಶೇಕಡ 3.75. ನೀವು ಬ್ಯಾಂಕಿಗೆ ಕಟ್ಟೋ ಬಡ್ಡಿ ಶೇಕಡ 7.50, ಸರಿಯಾಗಿ ಎರಡರಷ್ಟು. 64 ಲಕ್ಷಕ್ಕೆ 20 ವರ್ಷದ ಕಂತು 51,500. ಬಾಡಿಗೆ 25 ಸಾವಿರ. ಕಂತಿನ ಒಂದು ಭಾಗ ಅಸಲಿಗೆ ಹೋಗುತ್ತೆ, ಅದು ನಿಮ್ಮದೇ, ಒಪ್ಪೋಣ. ಉಳಿದ ವ್ಯತ್ಯಾಸ ಯಾಕೆ ಕಟ್ತಿದ್ದೀರಿ? ಎರಡು ಕಾರಣಕ್ಕೆ. ಮಾಲೀಕ ಎಬ್ಬಿಸೋದಿಲ್ಲ, ಮಕ್ಕಳ ಶಾಲೆ ಬದಲಾಗೋದಿಲ್ಲ ಅನ್ನೋ ನೆಮ್ಮದಿಗೆ. ಅದಕ್ಕೆ ಬೆಲೆ ಕೊಡೋದು ತಪ್ಪಲ್ಲ. ಇನ್ನೊಂದು, ನಾಳೆ ಬೆಲೆ ಏರುತ್ತೆ ಅನ್ನೋ ನಂಬಿಕೆಗೆ. ಆ ನಂಬಿಕೆಯ ಒಳಗೆ ಏನಿದೆ ಗೊತ್ತಾ? ನಾಳೆ ಬರೋ ಇನ್ನೊಬ್ಬ ಹುಡುಗ ನಿಮಗಿಂತ ದೊಡ್ಡ ಸಾಲ ತೆಗೀತಾನೆ ಅನ್ನೋ ಲೆಕ್ಕ. ಇರೋಕೆ ಮನೆ ಬೇಕು ಅಂದ್ರೆ ಕೊಳ್ಳಿ. ಬರೀ ಏರುತ್ತೆ ಅಂತ ಕೊಳ್ಳೋದಾದ್ರೆ ಈ ಲೆಕ್ಕವನ್ನು ಇನ್ನೊಂದು ಸಲ ಹಾಕಿ.

ಸಾಲ ತಗೊಳ್ಳುವಾಗ ಎಷ್ಟು ಸಿಗುತ್ತೆ ಅಂತ ಕೇಳಬೇಡಿ, ಎಷ್ಟು ವರ್ಷಕ್ಕೆ ಮುಗಿಯುತ್ತೆ ಅಂತ ಕೇಳಿ. ಬಡ್ಡಿ ಬದಲಾದಾಗ ಬರೋ ಮೆಸೇಜನ್ನು ಅಳಿಸಬೇಡಿ, ಅವಧಿ ಎಷ್ಟಾಯ್ತು ನೋಡಿ. ಬದಲಾಗೋ ಬಡ್ಡಿಯ ಗೃಹಸಾಲಕ್ಕೆ ಮುಂಚೆಯೇ ಹಣ ಕಟ್ಟಿದ್ರೆ ದಂಡ ಹಾಕೋ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಬೋನಸ್ ಬಂದ್ರೆ, ಬಡ್ಡಿ ಇಳಿದು ನಾಲ್ಕು ಸಾವಿರ ಉಳಿದ್ರೆ, ಅದನ್ನು ಅಸಲಿಗೆ ಹಾಕಿ. ನಿಮ್ಮ 60ನೇ ವಯಸ್ಸು ನಿಮ್ಮದಾಗಿರಲಿ.

ಇನ್ನು ಸರ್ಕಾರಕ್ಕೆ. ಬಡ್ಡಿ ಇಳಿಸಿ, ತೆರಿಗೆ ರಿಯಾಯಿತಿ ಕೊಡಿ, ಖಾತಾ ಬದಲಾಯಿಸಿ, ಎಲ್ಲವೂ ಕೊಳ್ಳೋರ ಕೈಗೆ ಹಣ ತುಂಬೋ ದಾರಿಗಳೇ. ಮನೆಗಳನ್ನು ಜಾಸ್ತಿ ಮಾಡೋ ದಾರಿ ಎಲ್ಲಿ? ಕೈಗೆಟುಕುವ ಮನೆ ಅಂತ ಜಿಎಸ್‌ಟಿ ರಿಯಾಯಿತಿ ಕೊಟ್ಟಿದ್ದೀರಿ, ಮಿತಿ 45 ಲಕ್ಷ. ಹೆಬ್ಬಾಳದ ಸುತ್ತ 45 ಲಕ್ಷಕ್ಕೆ ಹೊಸ ಫ್ಲಾಟು ಹುಡುಕಿಕೊಂಡು ಬನ್ನಿ ನೋಡೋಣ. ಅರ್ಕಾವತಿಯನ್ನು ಮುಗಿಸಿ. ಕಾರಂತ ಬಡಾವಣೆಗೆ ನೀರು, ಚರಂಡಿ, ರಸ್ತೆ ಕೊಟ್ಟು ಜನ ಮನೆ ಕಟ್ಟೋ ಹಾಗೆ ಮಾಡಿ. ಗೃಹ ಮಂಡಳಿಗೆ ಯಲಹಂಕ ಉಪನಗರ ಕಟ್ಟಿದ ಕಾಲದ ಕೆಲಸವನ್ನು ಮತ್ತೆ ಕೊಡಿ. ರೈಲು ಓಡಿಸಿ. ರೈಲು ಓಡಿದ್ರೆ ಗೌರಿಬಿದನೂರು, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದಲ್ಲಿ ಮನೆ ಮಾಡಿಕೊಂಡು ಯಶವಂತಪುರಕ್ಕೆ ಕೆಲಸಕ್ಕೆ ಬರ್ತಾರೆ. ನೆಲ ಬೆಳೆಯೋದಿಲ್ಲ ಅಂದೆ. ರೈಲು ಬಂದ್ರೆ ನೆಲವೂ ಸ್ವಲ್ಪ ಬೆಳೆಯುತ್ತೆ.

ಮನೆ ಬೆಲೆ ಏರಿದೆ ಅಂತ ಕೇಳಿದಾಗ ಸ್ವಂತ ಮನೆ ಇರೋರಿಗೆ ಒಳಗೊಳಗೇ ಖುಷಿ ಆಗುತ್ತೆ, ಸಹಜ. ಆದರೆ ನಿಮ್ಮ ಮಗ, ನಿಮ್ಮ ಮಗಳು ಇದೇ ಊರಿನಲ್ಲಿ ಇನ್ನೊಂದು ಮನೆ ಮಾಡಬೇಕಲ್ಲ? ನಿಮ್ಮ ಮನೆ ಬೆಲೆ ಎಷ್ಟು ಏರಿದೆಯೋ, ಅವರು ತೆಗೀಬೇಕಾದ ಸಾಲವೂ ಅಷ್ಟೇ ಏರಿದೆ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಮಕ್ಕಳ ಜೊತೆ ಈ ವಿಷಯ ಮಾತಾಡಿ.